ಗೇಣುದ್ದದ ಚಾಕು

ಕೊಯ್ಯುವ ಕೆಲಸ ಒಂದೇ ಆದರೂ ನಮ್ಮ ಭಾಷೆ ಚಾಕು, ಕತ್ತಿ, ಚೂರಿಗಳಿಗೆ ಬೇರೆ ಬೇರೆ ಜಾತಕ ಬರೆದಿಟ್ಟಿದೆ. ಚಾಕು ಎಂದರೆ ಪೆನ್ಸಿಲು, ಸೇಬಿನ ಹಣ್ಣು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದ ನೆಂಟರು. ಕತ್ತಿ ಎಂದರೆ ತೋಟ, ಸೌದೆ, ಇಲ್ಲವೇ ಚರಿತ್ರೆಯ ಪಾಠ. ಚೂರಿ ಎಂದೊಡನೆ ಮಾತ್ರ ಯಾರದೋ ಬೆನ್ನು ಕಣ್ಣ ಮುಂದೆ ಬರುತ್ತದೆ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ: ಒಂದರ ಗಡಿ ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಆರಂಭವಾಯಿತೆಂದು ಹೇಳಲು ಪಂಡಿತರಿಂದಲೂ ಆಗದು.

ನಾನು ಹಲವು ವರ್ಷಗಳಿಂದ ಜೇಬಿನಲ್ಲಿ ಮಡಿಸುವ ಚಾಕುವೊಂದನ್ನು ಇಟ್ಟುಕೊಂಡು ತಿರುಗುವ ಮನುಷ್ಯ. ಪಾರ್ಸೆಲಿನ ದಾರ, ಔಷಧದ ಪಟ್ಟಿ, ರೈಲಿನಲ್ಲಿ ಸೌತೆಕಾಯಿ, ಮೊಮ್ಮಕ್ಕಳ ಗಾಳಿಪಟದ ಕಡ್ಡಿ ಇವೆಲ್ಲ ನನ್ನ ಇಲಾಖೆ. ಅದರಲ್ಲಿ ಬಿರಡೆ ತೆಗೆಯುವ ಒಂದು ತಿರುಪೂ ಇದೆ. ಇಷ್ಟು ವರ್ಷದಲ್ಲಿ ಅದಕ್ಕೆ ಒಂದು ಬಿರಡೆಯನ್ನೂ ಒದಗಿಸಲು ನನ್ನಿಂದಾಗಿಲ್ಲ. ಬಂಧುಬಳಗದಲ್ಲಿ ಯಾರಿಗಾದರೂ ಏನಾದರೂ ಕತ್ತರಿಸಬೇಕಾದರೆ ಮೊದಲು ನನ್ನ ಜೇಬಿನ ಕಡೆಗೆ ನೋಡುತ್ತಾರೆ. ಇಂಥ ಕೀರ್ತಿಯಿಂದಾಗಿಯೇ ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನನ್ನ ತಂಗಿಯೂ ಅವಳ ಮಗಳೂ ಒಂದೇ ದಿನ, ಒಂದೇ ಬೇಡಿಕೆಯನ್ನು, ತೀರ ಬೇರೆ ಬೇರೆ ಕಾರಣಕ್ಕೆ ನನ್ನ ಮುಂದಿಟ್ಟರು. ಹುಡುಗಿಗೆ ಒಂದು ಚಾಕು ಆರಿಸಿಕೊಡಬೇಕು.

ಹುಡುಗಿ ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಅವಳು ಹಿಡಿದಿರುವ ವಿಷಯ ಕಲ್ಲುಹೂವು. ಪಲಾವಿನ ಮಸಾಲೆಯಲ್ಲಿ ಬೂದುಬಣ್ಣದ ಒಣ ಚಕ್ಕೆಯಂತೆ ಕಾಣುವುದು ಇದೆಯಲ್ಲ, ಅದರ ಬಳಗ. ಅದು ಕಲ್ಲೂ ಅಲ್ಲ, ಹೂವೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಒಂದೇ ಸೂರಿನ ಕೆಳಗೆ ಕೂಡಿ ಬಾಳುವ ಸಂಸಾರ. ಅದರಲ್ಲಿ ಎಲೆಯಂತೆ ಬಿಡಿಸಿಕೊಂಡಿರುವ ಜಾತಿಗಳನ್ನು ಸ್ವಲ್ಪ ನೀರು ಚಿಮುಕಿಸಿ ಮೆಲ್ಲಗೆ ಎಬ್ಬಿಸಬಹುದಂತೆ. ಆದರೆ ತೊಗಟೆಗೆ ಸುಣ್ಣ ಬಳಿದಂತೆ ಅಂಟಿಕೊಂಡ ಜಾತಿಗಳಿವೆ. ಅವನ್ನು ಕೀಳಲು ಬರುವುದಿಲ್ಲ. ತೊಗಟೆಯ ಮೇಲ್ಪದರವನ್ನು, ಮರಕ್ಕೆ ಗಾಯವಾಗದಂತೆ, ಹಪ್ಪಳದಷ್ಟು ತೆಳ್ಳಗೆ ಹೆರೆದು ಕಾಗದದ ಪೊಟ್ಟಣದಲ್ಲಿ ಇಡಬೇಕು. ಇವು ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರು. ಅಂಗೈಯಗಲದ ಒಂದು ಮಚ್ಚೆಯನ್ನು ಒರಟಾಗಿ ಕಿತ್ತರೆ ಹುಡುಗಿ ಹುಟ್ಟುವ ಮುಂಚಿನಿಂದ ಬೆಳೆದದ್ದನ್ನು ಅರ್ಧ ನಿಮಿಷದಲ್ಲಿ ಹಾಳುಮಾಡಿದಂತಾಗಬಹುದು. ಆದ್ದರಿಂದ ಅವಳಿಗೆ ಸಣ್ಣ, ಹರಿತವಾದ, ಕೈ ಹೇಳಿದಂತೆ ಕೇಳುವ ಚಾಕು ಬೇಕಿತ್ತು. ತೀರ್ಥಹಳ್ಳಿಯ ಕಡೆ ನಮ್ಮ ದೂರದ ನೆಂಟರ ಮನೆಯಲ್ಲಿ ನಾಲ್ಕು ತಿಂಗಳಿದ್ದು, ಅವರ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳ ಮರಗಳನ್ನು ನೋಡುವುದೆಂದು ಗೊತ್ತಾಗಿತ್ತು.

ತಂಗಿಯ ಲೆಕ್ಕ ಬೇರೆ. "ಅಣ್ಣ, ಒಂಟಿ ಹುಡುಗಿ ಬೆಟ್ಟ ಗುಡ್ಡ ಅಲೆಯುತ್ತಾಳೆ. ಕಾಲ ಹೇಗಿದೆ ನೀನೇ ನೋಡುತ್ತಿದ್ದೀಯ. ಸ್ವಲ್ಪ ದೊಡ್ಡದನ್ನೇ ಕೊಡಿಸು. ನೋಡಿದರೇ ಹೆದರಿಕೆಯಾಗಬೇಕು" ಎಂದಳು.

"ಮಾವ, ನನಗೆ ಯಾರನ್ನೂ ಹೆದರಿಸಬೇಕಾಗಿಲ್ಲ. ಹೆರೆಯೋಕೆ ಬಂದರೆ ಸಾಕು" ಎಂದಳು ಮಗಳು.

ಇಬ್ಬರ ನಡುವೆ ಕೂತ ನನಗೆ ಹೊಳೆದದ್ದು ಇಷ್ಟು: ತಾಯಿ ಕೇಳುತ್ತಿರುವ ಚಾಕು, ಮಗಳು ಕೇಳುತ್ತಿರುವ ಚಾಕು ಎರಡೂ ಒಂದೇ ಒರೆಯಲ್ಲಿ ಇರಲಾರವು.

ಮೊದಲು ಮಗಳ ಚಾಕುವಿನ ವಿಷಯ. ನನ್ನ ಜೇಬಿನದನ್ನೇ ಕೊಟ್ಟುಬಿಡಬಹುದಿತ್ತು. ಆದರೆ ಮಡಿಸುವ ಚಾಕು ಪೇಟೆಗೆ ಹೇಳಿಸಿದ್ದು, ತೋಟಕ್ಕಲ್ಲ. ಹಲಸಿನ ಹಣ್ಣು ಬಿಡಿಸಿದವರಿಗೆ ಗೊತ್ತು. ಕತ್ತಿಗೆ ಎಣ್ಣೆ ಸವರಿಕೊಂಡಿದ್ದರೆ ಮೇಣವನ್ನು ಒರೆಸಿ ತೆಗೆಯಬಹುದು. ಮಡಿಸುವ ಚಾಕುವಿನ ಕೀಲಿಗೆ ಒಮ್ಮೆ ಮೇಣ ಹೊಕ್ಕಿತೋ, ಆಮೇಲೆ ಅದು ತೆರೆಯಲೂ ಒಲ್ಲದು, ಮುಚ್ಚಲೂ ಒಲ್ಲದು. ಮಣ್ಣು, ಮಾವಿನ ಸೊನೆ, ಮಳೆನೀರು ಎಲ್ಲಕ್ಕೂ ಆ ಸಂದು ತವರುಮನೆ. ಜೊತೆಗೆ, ಒತ್ತಿ ಹೆರೆಯುವಾಗ ಅಲಗು ತಟ್ಟನೆ ಮಡಚಿಕೊಂಡರೆ ಕೆಳಗಿರುವುದು ನಮ್ಮ ಬೆರಳೇ. ಅಲಗು ಹಿಡಿಯೊಳಗೆ ಅಲ್ಲಾಡದೆ ಕೂತ ಚಾಕುವಿನಲ್ಲಿ ಈ ರಗಳೆ ಇಲ್ಲ. ಒಂದೇ ಕೈಯಲ್ಲಿ ಒರೆಯಿಂದ ತೆಗೆಯಬಹುದು, ಒರೆಸಬಹುದು, ಮತ್ತೆ ಇಡಬಹುದು. ಇನ್ನೊಂದು ಕೈಯಲ್ಲಿ ಪೊಟ್ಟಣ ಹಿಡಿದ ಹುಡುಗಿಗೆ ಇದು ಸಣ್ಣ ಅನುಕೂಲವಲ್ಲ.

ಎಷ್ಟು ಉದ್ದ? ಈ ಪ್ರಶ್ನೆಯನ್ನು ಚಳಿದೇಶದವರು ಬಹಳ ಹಿಂದೆಯೇ ಇತ್ಯರ್ಥ ಮಾಡಿಕೊಂಡಿದ್ದಾರೆ. ಫಿನ್ಲೆಂಡಿನವರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಚಾಕುವಿಗೆ ಪುಕ್ಕೊ ಎಂದು ಹೆಸರು. ಅವರ ಭಾಷೆಯಲ್ಲಿ 'ಪೂ' ಎಂದರೆ ಮರ. ಸ್ವೀಡನ್ನಿನಲ್ಲಿ ಮೋರಾ ಎಂಬ ಊರು ಇಂಥ ಚಾಕುಗಳಿಗೇ ಹೆಸರಾದದ್ದು. ಅಲ್ಲಿಯ ಸಾಮಾನ್ಯ ಚಾಕುವಿನ ಅಲಗು ನಾಲ್ಕು ಅಂಗುಲದ ಆಸುಪಾಸು, ದಪ್ಪ ಎರಡೂವರೆ ಮಿಲಿಮೀಟರಿನಷ್ಟು. ಬಡಗಿಯೂ ಅದನ್ನೇ ಬಳಸುತ್ತಾನೆ, ಮೀನು ಹಿಡಿಯುವವನೂ ಅದನ್ನೇ ಬಳಸುತ್ತಾನೆ. ಎಂಥ ದಟ್ಟ ಕಾಡಿನ ದೇಶದವರಿಗೂ ದಿನನಿತ್ಯಕ್ಕೆ ನಾಲ್ಕಂಗುಲ ಸಾಕಾದ ಮೇಲೆ, ಬೆಂಗಳೂರಿನಿಂದ ರಜೆಗೆಂದು ಬೆಟ್ಟ ಹತ್ತುವ ನಮ್ಮವರಿಗೆ ಒಂದು ಅಡಿಯ ಅಲಗು ಏಕೆ ಬೇಕೋ ನನಗೆ ತಿಳಿಯದು. ಉದ್ದವಾದಷ್ಟೂ ತುದಿ ಕೈಯಿಂದ ದೂರವಾಗುತ್ತದೆ. ದೂರವಾದಷ್ಟೂ ಅದರ ಮೇಲಿನ ಹತೋಟಿ ಕಡಿಮೆ. ಮರ ಕಡಿಯಬೇಕಾದರೆ ಮಲೆನಾಡಿನ ಪ್ರತಿ ಮನೆಯಲ್ಲೂ ಕತ್ತಿ ಇದೆ, ಕೊಡಲಿ ಇದೆ. ಚಾಕು ಅವುಗಳ ಪಾತ್ರ ವಹಿಸಬೇಕಾಗಿಲ್ಲ.

ಆದರೂ ಅಂಗಡಿಗಳನ್ನು ನೋಡದೆ ತೀರ್ಮಾನ ಹೇಳಬಾರದೆಂದು ಹುಡುಗಿಯನ್ನು ಕರೆದುಕೊಂಡು ಪೇಟೆ ಸುತ್ತಿದೆ. ಬೆಟ್ಟ ಹತ್ತುವವರ ಸಾಮಾನು ಮಾರುವ ಒಂದು ಕಡೆ ಗಾಜಿನ ಪೆಟ್ಟಿಗೆಯ ತುಂಬ ಚಾಕುಗಳಿದ್ದವು. ಹೆಚ್ಚಿನವಕ್ಕೆ ಕಾಡಿಗೆಯಂಥ ಕಪ್ಪು ಬಣ್ಣ, ಬೆನ್ನಿಗೆ ಮೊಸಳೆಯ ಹಲ್ಲು. ಒಂದರ ಹಿಡಿಯ ಬುಡ ತಿರುಗಿಸಿದರೆ ದಿಕ್ಸೂಚಿ. ಹಿಡಿಯೊಳಗಿನ ಪೊಳ್ಳಿನಲ್ಲಿ ಬೆಂಕಿಕಡ್ಡಿ, ಮೀನಿನ ಗಾಳ. ೧೯೮೨ರಲ್ಲಿ ತೆರೆಗೆ ಬಂದ 'ಫಸ್ಟ್ ಬ್ಲಡ್' ಎಂಬ ಹಾಲಿವುಡ್ ಚಿತ್ರದ ನಾಯಕನ ಕೈಯಲ್ಲಿ ಇಂಥದೊಂದಿತ್ತು; ಆಮೇಲೆ ಪ್ರಪಂಚದಲ್ಲೆಲ್ಲ ಇವುಗಳ ಸಂತತಿ ಬೆಳೆಯಿತು. ಹಿಡಿ ಪೊಳ್ಳಾದರೆ ಅಲಗು ಅದರೊಳಕ್ಕೆ ಆಳವಾಗಿ ಇಳಿಯಲು ಜಾಗವೆಲ್ಲಿ? ಅಗ್ಗದ ಮಾಲಾದರೆ ಜೋರಾಗಿ ಮೀಟಿದಾಗ ಮುರಿಯುವುದು ಸರಿಯಾಗಿ ಆ ಸೇರುವೆಯಲ್ಲಿ. ಒಳ್ಳೆಯ ಚಾಕುವಿನಲ್ಲಿ ಅಲಗಿನ ಉಕ್ಕೇ ಹಿಡಿಯೊಳಗೆ ಉದ್ದಕ್ಕೂ ಸಾಗಿರಬೇಕು. ಮೇಲಿನ ಮರವೋ ರಬ್ಬರೋ ಅದಕ್ಕೆ ತೊಡಿಸಿದ ಅಂಗಿ. ಬೆನ್ನಿನ ಗರಗಸದ ಹಲ್ಲಂತೂ ಹೆಬ್ಬೆರಳು ಇಡುವ ಜಾಗವನ್ನೇ ಕಿತ್ತುಕೊಳ್ಳುತ್ತದೆ, ಮತ್ತು ತೆಳ್ಳಗೆ ಹೆರೆಯುವಾಗ ನಮ್ಮ ಬಲವೆಲ್ಲ ಹೆಬ್ಬೆರಳಿನಲ್ಲಿರುತ್ತದೆ. ಚಿನ್ನದ ಚೂರಿಯೆಂದು ಹೊಟ್ಟೆಗೆ ಚುಚ್ಚಿಕೊಳ್ಳಲಾದೀತೆ ಎಂಬ ಗಾದೆ ನೆನಪಾಯಿತು. ಅಂಗಡಿಯ ಹುಡುಗ ಬಹಳ ವಿನಯವಂತ. ಗಾದೆಯನ್ನು ನನ್ನಲ್ಲೇ ಇಟ್ಟುಕೊಂಡೆ.

ಅಲ್ಲೇ ಮೂಲೆಯಲ್ಲಿ, ಯಾರೂ ಕಣ್ಣೆತ್ತಿ ನೋಡದಂತೆ, ಸ್ವೀಡನ್ನಿನ ಚಾಕುವೊಂದಿತ್ತು. ಪ್ಲಾಸ್ಟಿಕ್ಕಿನ ಹಿಡಿ, ತುಕ್ಕು ಹಿಡಿಯದ ಉಕ್ಕು, ಒರೆ ಸಮೇತ ನೂರು ಗ್ರಾಮಿನ ಮೇಲೆ ಸ್ವಲ್ಪ. ಹುಡುಗಿ ಕೈಗೆ ತೆಗೆದುಕೊಂಡು, "ಇದು ಚೆನ್ನಾಗಿದೆ ಮಾವ, ಆದರೆ ಹಿಡಿ ಗಂಡಸರ ಕೈಗೆ ಮಾಡಿದ ಹಾಗಿದೆ" ಎಂದಳು. ಮಾತು ನಿಜ. ಅವಳ ಬೆರಳುಗಳು ಹಿಡಿಯನ್ನು ಸುತ್ತಿ ಅಂಗೈಗೆ ಮುಟ್ಟುತ್ತಲೇ ಇರಲಿಲ್ಲ. ಇಲ್ಲದಿದ್ದರೆ ನಾನು ಅದನ್ನೇ ಕೊಂಡುಬಿಡುತ್ತಿದ್ದೆ. ಓದುಗರಲ್ಲಿ ಯಾರಿಗಾದರೂ ಅದು ಕೈಗೆ ಒಪ್ಪಿದರೆ ಹೆಚ್ಚು ಯೋಚಿಸದೆ ಕೊಳ್ಳಲಿ.

ಆ ರಾತ್ರಿ ತಂಗಿಯ ಚಾಕುವಿನ ಬಗ್ಗೆ ಮಾತಾಡಲೇಬೇಕಾಯಿತು. ಮೊದಲು ಕಾನೂನು ಹೇಳಿದೆ. ೧೯೫೯ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧದ ಪಟ್ಟಿಯಲ್ಲಿ ಸೇರಿಸುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವನ್ನು ಹೊರಗಿಡುತ್ತವೆ. ಅಂದರೆ ಅಳತೆ ಮಾತ್ರವಲ್ಲ, ಉದ್ದೇಶವನ್ನೂ ಕೇಳುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇನ್ನೂ ಕಟ್ಟುನಿಟ್ಟು. ಅದು 'ಆಯುಧ' ಎಂಬ ಮಾತಿಗೆ ಕೊಟ್ಟ ವಿವರಣೆಯಲ್ಲಿ ಬಂದೂಕು, ಬಲೆ, ಉರುಲುಗಳ ಜೊತೆಗೆ ಚಾಕುವೂ ಇದೆ. ಅಭಯಾರಣ್ಯದೊಳಕ್ಕೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಅದೇ ಕಟ್ಟಳೆ. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ರಜೆ ಸಿಕ್ಕೊಡನೆ ಅದನ್ನು ಹತ್ತಲು ಹೊರಡುವ ನಮ್ಮ ಯುವಕರ ಚೀಲದಲ್ಲಿರುವ ಮೊಸಳೆಹಲ್ಲಿನ ಚಾಕುವಿಗೆ ಅಲ್ಲಿ ಮಾಡಲು ಕೆಲಸವೂ ಇಲ್ಲ, ಇರಲು ಹಕ್ಕೂ ಇಲ್ಲ. ಹುಡುಗಿಯ ಕೆಲಸ ಖಾಸಗಿ ತೋಟದಲ್ಲಾದ್ದರಿಂದ ಆ ತೊಡಕಿರಲಿಲ್ಲ. ಮುಂದೆಂದಾದರೂ ಅಭಯಾರಣ್ಯಕ್ಕೆ ಹೋಗುವುದಾದರೆ ಅನುಮತಿಯ ಅರ್ಜಿಯಲ್ಲಿ ಚಾಕುವಿನ ಮಾತನ್ನೂ ಬರೆಯಬೇಕೆಂದು ಅವಳಿಗೆ ಹೇಳಿದೆ.

"ಕಾನೂನು ಇರಲಿ ಅಣ್ಣ. ನಾಳೆ ಯಾವನಾದರೂ ಅಡ್ಡ ಬಂದರೆ?" ಎಂದಳು ತಂಗಿ.

ಈ ಪ್ರಶ್ನೆಗೆ ನಗಲು ಬರುವುದಿಲ್ಲ. ಮಗಳನ್ನು ದೂರ ಕಳಿಸುವ ಯಾವ ತಾಯಿಯೂ ಇದನ್ನು ಕೇಳಿಕೊಳ್ಳದೆ ಮಲಗುವುದಿಲ್ಲ. ನಾನು ನಿಧಾನವಾಗಿ ಹೇಳಿದೆ: "ನೋಡು, ಚಾಕು ತೋರಿಸಿದವರು ಅದನ್ನು ಹಾಕಲೂ ಸಿದ್ಧರಿರಬೇಕು. ಇನ್ನೊಬ್ಬ ಮನುಷ್ಯನ ಮೈಗೆ ಹಾಕುವ ಅಭ್ಯಾಸ ನಿನ್ನ ಮಗಳಿಗಿಲ್ಲ, ಇರುವುದೂ ಬೇಡ. ಅಭ್ಯಾಸವಿಲ್ಲದವರ ಕೈಯ ಚಾಕು ಬಲವಿದ್ದವನ ಕೈಗೆ ಹೋಗಲು ಎಷ್ಟು ಹೊತ್ತು? ಬರಿಗೈಯಲ್ಲಿ ಬಂದಿದ್ದವನಿಗೆ ನಾವೇ ಆಯುಧ ಒದಗಿಸಿದಂತಾಗುತ್ತದೆ. ಅವಳು ಮಾಡಬೇಕಾದದ್ದು ಓಡುವುದು, ಕೂಗುವುದು. ಎರಡಕ್ಕೂ ಕೈಯಲ್ಲಿ ಚಾಕು ಇರುವುದು ಅಡ್ಡಿಯೇ."

ತಂಗಿ ಸುಮ್ಮನಾದಳು, ಒಪ್ಪಿ ಸುಮ್ಮನಾದಳೆಂದು ನಾನು ಹೇಳಲಾರೆ. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪಯ್ಯ ಸೊಂಟದಲ್ಲಿ ಕತ್ತಿ ಇಲ್ಲದೆ ತೋಟಕ್ಕೆ ಇಳಿದದ್ದಿದೆಯಾ?" ಎಂದಳು. ಇರಲಿಲ್ಲ. ಸೊಂಟದ ಹಗ್ಗಕ್ಕೆ ಒಂದು ಕೊಕ್ಕೆ. ಅದರಲ್ಲಿ ಸಿಕ್ಕಿಸಿದ ಕತ್ತಿ ನಡೆದಂತೆಲ್ಲ ಹಿಂದೆ ತೂಗುತ್ತಿತ್ತು. ಊರಿನ ಅರ್ಧದಷ್ಟು ಗಂಡಸರು ಹಾಗೆಯೇ ಓಡಾಡುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳು ಅವರ ಪಕ್ಕದಲ್ಲೇ ಹಾದುಹೋಗುತ್ತಿದ್ದೆವು. ಕೊಡಗಿನ ಮದುವೆಯಲ್ಲಿ ಗಂಡಸರು ಸೊಂಟದ ಚೇಲೆಯ ಮುಂಭಾಗದಲ್ಲಿ ಪೀಚೆಕತ್ತಿ ಸಿಕ್ಕಿಸಿಕೊಂಡು ಊಟಕ್ಕೆ ಕೂರುತ್ತಾರೆ. ಎದುರಿನ ಎಲೆಯವನ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವುದಿಲ್ಲ. ಅವು ಯಾವುವೂ ಅಡಗಿಸಿಟ್ಟ ಅಲಗುಗಳಲ್ಲ. ಯಾರದು, ಏತಕ್ಕೆ ಎಂಬುದು ನೋಡಿದವರಿಗೆಲ್ಲ ಗೊತ್ತು. ಬೆಂಗಳೂರಿನ ಮೆಟ್ರೋ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವರಿಗೆ ನನ್ನ ತಂದೆ ಯಾರೆಂದು ಗೊತ್ತಿಲ್ಲ. ತಿಳಿದುಕೊಳ್ಳಲು ಅವರಿಗೆ ಪುರಸೊತ್ತೂ ಇಲ್ಲ. ಆದ್ದರಿಂದ ಊರಿನಲ್ಲಿ ಸೊಂಟದಲ್ಲಿರುವುದು ಪಟ್ಟಣದಲ್ಲಿ ಮನೆಯಲ್ಲಿರಬೇಕು, ಪ್ರಯಾಣದಲ್ಲಿ ಒರೆ ಸಮೇತ ಚೀಲದ ತಳದಲ್ಲಿರಬೇಕು. ವಿಮಾನದಲ್ಲಾದರೆ ಕೈಚೀಲದಲ್ಲಂತೂ ಕೂಡದು.

ಮಾತು ಅಲ್ಲಿಗೆ ನಿಂತಿತು. ಮರುದಿನ ನಾನು ಒಂದು ಸೀಟಿ ಕೊಂಡು ತಂದೆ; ಫುಟ್ಬಾಲ್ ಪಂದ್ಯದಲ್ಲಿ ಊದುವಂಥದು. ತಂಗಿ ಅದನ್ನು ಊದಿ ನೋಡಿದಳು. ಪಕ್ಕದ ಮನೆಯವರು ಬಾಗಿಲು ತೆಗೆದು ಏನಾಯಿತೆಂದು ಕೇಳಿದರು. ಅವಳಿಗೆ ತುಸು ಸಮಾಧಾನವಾದಂತೆ ಕಂಡಿತು.

ಚಾಕು ಸಿಕ್ಕಿದ್ದು ಕೊನೆಗೆ ಹುಡುಗಿಯನ್ನು ಬಿಟ್ಟುಬರಲು ನಾನೇ ಊರಿಗೆ ಹೋದಾಗ. ನೆಂಟರ ಮನೆಯಿಂದ ಒಂದೂವರೆ ಮೈಲಿ ದೂರದಲ್ಲಿ ಆಚಾರ್ರ ಕುಲುಮೆ ಇದೆ. ಈಗ ತಿದಿ ಒತ್ತುವವರಿಲ್ಲ. ವಿದ್ಯುತ್ತಿನ ಗಾಳಿಯಂತ್ರ ಬಂದಿದೆ. ಇದ್ದಿಲು, ಅಡಿಗಲ್ಲು, ಸುತ್ತಿಗೆಯ ಸದ್ದು ಮಾತ್ರ ಹಳೆಯವೇ. ಆಚಾರ್ರು ಹುಡುಗಿಗೆ ಮೊದಲು ಒಂದು ಕಡ್ಡಿ ಕೊಟ್ಟು, "ಹೆರೆದು ತೋರಿಸಿ ಅಮ್ಮ" ಎಂದರು. ಅವಳು ಹೇಗೆ ಹಿಡಿಯುತ್ತಾಳೆ, ಹೆಬ್ಬೆರಳು ಎಲ್ಲಿಡುತ್ತಾಳೆ ಎಂದು ನೋಡಿ, ಅವಳ ಅಂಗೈಯನ್ನು ಒಂದು ಅಡಿಕೆ ದಬ್ಬೆಯ ಮೇಲೆ ಇರಿಸಿ ಗುರುತು ಹಾಕಿಕೊಂಡರು. ಯಾವ ಅಂಗಡಿಯಲ್ಲೂ ನಮ್ಮನ್ನು ಹೀಗೆ ವಿಚಾರಿಸಿರಲಿಲ್ಲ.

ಲೋಹ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ. ಎಷ್ಟೋ ವರ್ಷ ಘಾಟಿಯ ಗುಂಡಿಗಳಲ್ಲಿ ಬಗ್ಗಿ ಎದ್ದು ಬಗ್ಗಿ ಎದ್ದು ಬಾಳಿದ್ದು. ತುಂಡು ಮಾಡಿ, ಕೆಂಪಗೆ ಕಾಯಿಸಿ, ಬಡಿದು, ಮೂರೂವರೆ ಅಂಗುಲದ ಅಲಗು ಮಾಡಿದರು. ಬೆನ್ನಿನ ದಪ್ಪ ಮೂರು ಮಿಲಿಮೀಟರಿಗೆ ಮೀರದಂತೆ ಅರ ಹಾಕಿದರು. ಆಮೇಲೆ ಬರುವುದೇ ನಿಜವಾದ ವಿದ್ಯೆ. ಅಲಗನ್ನು ಮತ್ತೆ ಕಾಯಿಸಿ, ನಡುನಡುವೆ ಒಂದು ಅಯಸ್ಕಾಂತದ ತುಂಡನ್ನು ಹತ್ತಿರ ಹಿಡಿದು ನೋಡುತ್ತಿದ್ದರು. ಒಂದು ಹದದ ಕೆಂಪಿಗೆ ಬಂದಾಗ ಅಯಸ್ಕಾಂತ ಉಕ್ಕನ್ನು ಸೆಳೆಯುವುದನ್ನೇ ಬಿಟ್ಟುಬಿಡುತ್ತದೆ. ಇನ್ನೂ ಒಂದು ಕ್ಷಣ ಕಾದು ಎಣ್ಣೆಯಲ್ಲಿ ಅದ್ದಿದರು. ಹೊಗೆ ಎದ್ದಿತು. ಆಗ ಅಲಗು ಗಾಜಿನಂತೆ ಗಡುಸು, ಗಾಜಿನಂತೆಯೇ ಒಡೆಯಲೂಬಹುದು. ಅದರ ಅಹಂಕಾರ ಇಳಿಸಲು ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಬಿಸಿ ತೋರಿಸಿ, ಮೈಮೇಲೆ ಒಣಹುಲ್ಲಿನ ಬಣ್ಣ ಓಡಿ ಬರುವವರೆಗೆ ಕಾದರು. ಸುಮಾರು ಇನ್ನೂರಿಪ್ಪತ್ತು ಡಿಗ್ರಿ ಎಂದು ಪುಸ್ತಕ ಹೇಳುತ್ತದೆ. ಆಚಾರ್ರು "ಸಾಕು" ಎಂದರು.

ನಮ್ಮ 'ಉಕ್ಕು' ಎಂಬ ಮಾತೇ ಆಂಗ್ಲರ ಬಾಯಲ್ಲಿ 'ವೂಟ್ಜ್' ಆಯಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ದಕ್ಷಿಣ ಭಾರತದಿಂದ ಹೋದ ಆ ಉಕ್ಕಿನ ಗಟ್ಟಿಗಳ ಬಗ್ಗೆ ೧೭೯೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಪ್ರಬಂಧ ಓದಿದ. ಮುಂದೆ ಮೈಕೇಲ್ ಫ್ಯಾರಡೆ ಕೂಡ ಅದರ ಗುಟ್ಟು ಬಿಡಿಸಲು ಹೆಣಗಿದ. ಆಚಾರ್ರಿಗೆ ಇದನ್ನು ಹೇಳಿದೆ. ಅವರು, "ಈಗ ಲಾರಿ ಪಟ್ಟಿಯೇ ಒಳ್ಳೇದು ಸಾರ್" ಎಂದು ಕೆಲಸ ಮುಂದುವರಿಸಿದರು.

ಹೊನ್ನೆಮರದ ಎರಡು ಹೋಳು, ಹಿತ್ತಾಳೆಯ ಮೂರು ಮೊಳೆ, ಬೆರಳು ಅಲಗಿನ ಮೇಲೆ ಜಾರದಂತೆ ಹಿಡಿಯ ಮುಂದೆ ಒಂದು ಸಣ್ಣ ಉಬ್ಬು. ಅಷ್ಟೇ ಅಲಂಕಾರ. ತುದಿಯಿಂದ ತುದಿಗೆ ಒಂದು ಗೇಣು ಆಗುವುದಕ್ಕೆ ಸ್ವಲ್ಪ ಕಡಿಮೆ. ಈ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರ್ ಮಳೆ ಸುರಿಯುವ ಸೀಮೆ ಅದು. ಶೇಕಡ ಹತ್ತೂವರೆಗೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಬೆರೆಸಿದ ಉಕ್ಕಾದರೆ ಈ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮದಕ್ಕೆ ದಿನಾ ಸಂಜೆ ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬೇಕು. ಬದಲಿಗೆ ಅದು ಮೊಂಡಾದಾಗ ಅಂಗಳದ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಮಾತು ಕೇಳುತ್ತದೆ. ಹುಡುಗಿಗೆ ಈ ವ್ಯಾಪಾರ ಒಪ್ಪಿಗೆಯಾಯಿತು.

ಒರೆಗೆ ಚರ್ಮ ಬೇಡವೆಂದದ್ದು ಆಚಾರ್ರೇ. ಮಳೆಗಾಲದಲ್ಲಿ ಚರ್ಮ ನೀರು ಕುಡಿದು ಬೂಷ್ಟು ಹಿಡಿಯುತ್ತದೆ. ಒಳಗಿಟ್ಟ ಅಲಗು ಬೆಳಗಾಗುವುದರೊಳಗೆ ಕಿತ್ತಳೆ ಬಣ್ಣ. ಅವರ ಮಗ ನೀರಿನ ಪಿ.ವಿ.ಸಿ. ಪೈಪಿನ ತುಂಡನ್ನು ಬಿಸಿಮಾಡಿ, ಹಲಗೆಗಳ ನಡುವೆ ಒತ್ತಿ, ಚಾಕುವಿನ ಮೈಗೆ ಸರಿಯಾಗಿ ಕೂರುವ ಒರೆ ಮಾಡಿಕೊಟ್ಟ. ತಳದಲ್ಲಿ ನೀರು ಇಳಿಯಲು ಒಂದು ತೂತು. ನೋಡಲು ಸುಂದರವಲ್ಲ. ತಲೆಕೆಳಗು ಮಾಡಿ ಕೊಡವಿದರೂ ಚಾಕು ಬೀಳಲಿಲ್ಲ.

ದುಡ್ಡು ಕೊಟ್ಟ ಮೇಲೆ ಆಚಾರ್ರು ಚಾಕುವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟರು. ಹುಡುಗಿ ತಾನಾಗಿ ಎತ್ತಿಕೊಂಡಳು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಕಡೆ ನಂಬಿಕೆ. ಜಗಳದ ಮಾತು ಹೇಗೋ, ಬೆರಳು ಉಳಿಯುವುದಂತೂ ನಿಜ.

ಏಪ್ರಿಲ್ ತಿಂಗಳಲ್ಲಿ ಅವಳು ಫೋನು ಮಾಡಿದ್ದಳು. ನೂರಾ ಮೂವತ್ತು ಪೊಟ್ಟಣಗಳಾಗಿವೆಯಂತೆ. ಅಲಗು ಅಡಿಕೆಯ ಚೊಗರು, ಮಾವಿನ ಸೊನೆ ತಾಗಿ ಮೋಡದ ಬಣ್ಣಕ್ಕೆ ತಿರುಗಿದೆಯಂತೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಾಡುತ್ತಾಳೆ, ತೋಟದ ಕೆಲಸದವರು ದಾರಿಯಲ್ಲಿ ಸಿಕ್ಕರೆ "ಆಚಾರ್ರದಾ?" ಎಂದು ಕೇಳುತ್ತಾರೆ. ತಂಗಿ ವಾರಕ್ಕೆರಡು ಸಲ ಸೀಟಿ ಎಲ್ಲಿದೆಯೆಂದು ವಿಚಾರಿಸುತ್ತಾಳೆ, ಕೊರಳಲ್ಲೇ ಇದೆಯಂತೆ. "ಮತ್ತೆ ಇವತ್ತಿನ ಕೆಲಸ ಎಲ್ಲಿ?" ಎಂದೆ.

"ಕೆಲಸ ಎಲ್ಲಿ ಮಾವ, ಮನೆಯಲ್ಲೇ ಕೂತಿದ್ದೇನೆ. ಅಜ್ಜಿ ಮೊನ್ನೆ ಚಾಕುವಿನ ಅಲಗಿಗೆ ಹೆಬ್ಬೆರಳು ಸವರಿ, 'ಹದ ಲಾಯ್ಕಿದೆ ಮಾರಾಯ್ತಿ, ಒಂದು ಗಳಿಗೆ ಕೊಡು' ಅಂದರು. ಎರಡು ದಿನದಿಂದ ಅದು ಹಲಸಿನಕಾಯಿ ಹಪ್ಪಳದ ತೊಳೆ ಬಿಡಿಸುವುದರಲ್ಲಿದೆ. ಕೇಳಲು ಧೈರ್ಯವಿಲ್ಲ."